ನೀರಿಗೆ ಅಳಿಯದ ಶಾಯಿ

೧೯೩೭ರ ಆಷಾಢದಲ್ಲಿ ಗರಗದಿಂದ ಧಾರವಾಡಕ್ಕೆ ಹೊರಟ ಒಂದು ಚಕ್ಕಡಿ ಹಳ್ಳ ದಾಟುವಾಗ ಹೊರಳಿತು. ಎತ್ತುಗಳಿಗೆ ಏನೂ ಆಗಲಿಲ್ಲ. ಗಾಡಿಯಲ್ಲಿದ್ದವರು ಮೊಣಕಾಲುದ್ದದ ರಾಡಿ ನೀರಿನಿಂದ ಎದ್ದು, ಸೀರೆ ಧೋತರ ಹಿಂಡಿಕೊಳ್ಳುತ್ತ ನಕ್ಕರು. ನಗದೆ ನಿಂತವಳು ಮಂದಾಕಿನಿ ಒಬ್ಬಳೇ. ಅವಳ ಚೀಲ ನೀರಿಗೆ ಬಿದ್ದಿತ್ತು. ಅದರೊಳಗೆ ಮೂರು ವರ್ಷ ಕೂತು ಬರೆದ ನಾಲ್ಕು ನೋಟಬುಕ್ಕುಗಳಿದ್ದವು.

ಮನೆಗೆ ಬಂದವಳೇ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಪಡಸಾಲೆಯ ಹಗ್ಗಕ್ಕೆ ಹಾಕಿದಳು. ಅವುಗಳಿಂದ ನೆಲಕ್ಕೆ ನೀಲಿ ನೀರು ತೊಟ್ಟಿಕ್ಕಿತು. ಅತ್ತಿಗೆ ತಾರಾಬಾಯಿ ಒರೆಸುವ ಅರಿವೆ ತಂದು ನಿಂತವಳು, ಅದೇಕೋ ಒರೆಸಲು ಕೈ ಬಾರದೆ ಒಳಗೆ ಹೋದಳು. ಸಂಜೆಗೆ ಹಾಳೆಗಳು ಒಣಗಿದವು. ಓದುವಂಥದ್ದು ಮಾತ್ರ ಏನೂ ಉಳಿದಿರಲಿಲ್ಲ.

ಮಂದಾಕಿನಿ ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಶಿಕ್ಷಕಿ. ಒಂಬತ್ತಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ವಿಧವೆಯಾದವಳು. ತಲೆ ಬೋಳಿಸಲೇಬೇಕೆಂದು ಮನೆಯ ಹಿರಿಯರು ಹಟ ಹಿಡಿದಾಗ, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಅಣ್ಣ ವೆಂಕಣ್ಣ ಬಾಗಿಲಿಗೆ ಅಡ್ಡ ನಿಂತು, ಕರೆಸಿದ್ದ ಕ್ಷೌರಿಕನನ್ನು ವಾಪಸ್ಸು ಕಳಿಸಿ, ಮರುವಾರವೇ ತಂಗಿಯನ್ನು ಶಾಲೆಗೆ ಸೇರಿಸಿದ್ದ. ಅಂದಿನಿಂದ ಅವಳು ಅಣ್ಣನ ಮನೆಯಲ್ಲೇ ಇದ್ದಳು. ಮಕ್ಕಳಿಲ್ಲದ ತಾರಾಬಾಯಿಗೂ ನಾದಿನಿ ಎಂದರೆ ಜೀವ.

ಮಂದಾಕಿನಿ ಉಡುವುದು ಖಾದಿ. ಅದಕ್ಕೆಂದು ಗರಗಕ್ಕೆ ಹೋದವಳು ಒಂದು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ರುಕ್ಮವ್ವ ಎಂಬುವಳು ಹಾಡುವುದನ್ನು ಕೇಳಿದ್ದಳು. ಒಬ್ಬ ಮುದುಕಿಯ ಹೊಟ್ಟೆಯಲ್ಲಿ ಅಷ್ಟು ಬೀಸುವ ಪದಗಳು, ಹಾಡುಗಳು ಇರಬಹುದೆಂದು ಅವಳು ಎಣಿಸಿರಲಿಲ್ಲ. ಮುಂದೆ ಪ್ರತಿ ರವಿವಾರ ಹೋದಳು, ಶಾಲೆಯ ಸೂಟಿಯಲ್ಲಿ ವಾರಗಟ್ಟಲೆ ಅಲ್ಲೇ ಉಳಿದಳು. ಪದಗಳನ್ನು ಬರೆದುಕೊಂಡಳು, ಪಕ್ಕದಲ್ಲಿ ಚಿತ್ರ ತೆಗೆದಳು: ಹಾಡುವವರ ಮುಖ, ಮುಂಗೈಯ ಹಚ್ಚೆ, ಅವರು ಹೊಲಿದ ಕೌದಿಯ ಚೌಕಗಳು. ಹಳ್ಳದ ನೀರಿನಲ್ಲಿ ಹೋದದ್ದು ಇದೆಲ್ಲ.

ಸುದ್ದಿ ತಿಳಿದಾಗ ರುಕ್ಮವ್ವ ಗದ್ದಕ್ಕೆ ಕೈಹಚ್ಚಿ ನಕ್ಕಳಂತೆ. "ಹೋದ್ರ ಹಾಳಿ ಹೋದುವು ಬಿಡ್ರಿ ಅಕ್ಕಾರ. ಪದಾ ನನ್ನ ಹೊಟ್ಟ್ಯಾಗ ಅದಾವಲ್ಲ? ಮತ್ತ ಬರ್ರಿ, ಮತ್ತ ಹಾಡತೇನಿ. ಆದ್ರ ಲಗೂ ಬರ್ರಿ. ನನಗೂ ಎಪ್ಪತ್ತ ದಾಟ್ಯಾವು."

ಮಂದಾಕಿನಿ ಇದನ್ನು ಊಟಕ್ಕೆ ಕೂತಾಗ ಹೇಳಿದಳು. ವೆಂಕಣ್ಣ ಕೈತುತ್ತು ತಡೆದು ಕೇಳಿದ. "ಮತ್ತ ಅದ ಶಾಯಿಲೇ ಬರೀತೀ?"

"ಬ್ಯಾರೆ ಏನದ? ಪೆನ್ಸಿಲು ಚೀಲದಾಗ ತಿಕ್ಕಿ ತಿಕ್ಕಿ ಬೂದಿ ಆಗ್ತದ. ವಿಲಾಯತಿ ಶಾಯಿ ನಾ ಮುಟ್ಟಂಗಿಲ್ಲ."

"ಮುಟ್ಟಬ್ಯಾಡ. ನೀರಿಗೆ ಹೋಗದಂಥಾ ಶಾಯಿ ನಾ ಮಾಡಿಕೊಡ್ತೇನಿ."

ವೆಂಕಣ್ಣ ಒಂದು ಕಾಲೇಜಿನ ರಸಾಯನ ಪ್ರಯೋಗಶಾಲೆಯಲ್ಲಿ ಸಹಾಯಕ. ಇಪ್ಪತ್ತು ವರ್ಷಗಳಿಂದ ಬೇರೆಯವರ ಪ್ರಯೋಗಗಳಿಗೆ ಬಾಟಲಿ ತೊಳೆದು, ದ್ರಾವಣ ಅಳೆದು ಇಡುತ್ತಿದ್ದ. ಪದವಿ ಇರಲಿಲ್ಲ, ಪ್ರೊಫೆಸರರು ಎಡವಿದಲ್ಲಿ ಮೆಲ್ಲಗೆ ಸರಿಪಡಿಸುವಷ್ಟು ತಿಳಿವಳಿಕೆ ಇತ್ತು. ತನ್ನದೇ ಎನ್ನುವ ಪ್ರಯೋಗ ಅವನ ಪಾಲಿಗೆ ಬಂದದ್ದು ಇದೊಂದೇ.

ಹಿತ್ತಲ ಕಟ್ಟೆಯ ಮೇಲೆ ಅಣ್ಣ ತಂಗಿ ಕೂತರು. ಒಂದೊಂದು ಶಾಯಿಗೆ ಒಂದೊಂದು ಕಾಗದದ ಪಟ್ಟಿ. ಪ್ರತಿ ಪಟ್ಟಿಯ ಮೇಲೆ ಮಂದಾಕಿನಿ ಒಂದು ಸಾಲು ಬರೆದು, ಕೆಳಗೆ ಒಂದು ಎಲೆಯ ಚಿತ್ರ ತೆಗೆಯುವಳು. ಒಂದು ದಿನ ಒಣಗಿದ ಮೇಲೆ ಪಟ್ಟಿಯನ್ನು ತಾಮ್ರದ ಪರಾತದ ನೀರಿಗೆ ಹಾಕಿ ವೆಂಕಣ್ಣ ಎಣಿಸುವನು. ಪೇಟೆಯಲ್ಲಿ ಸಿಗುವ ಶಾಯಿಗುಳಿಗೆಯ ಬಣ್ಣ ಹತ್ತು ಎಣಿಸುವುದರೊಳಗೆ ಬಿಟ್ಟುಹೋಯಿತು. ಕೆಂಪು ಬಣ್ಣದ್ದು ಅದಕ್ಕೂ ಮೊದಲು. ನಕ್ಷೆ ಬರೆಯುವವರ ಕಪ್ಪು ಶಾಯಿ ನೀರಿಗೆ ಜಪ್ಪೆನ್ನಲಿಲ್ಲ, ಆದರೆ ಮೂರೇ ದಿನದಲ್ಲಿ ಪೆನ್ನಿನೊಳಗೆ ಅರಗಿನಂತೆ ಗಟ್ಟಿಯಾಗಿ ಕೂತಿತು. ಎಣ್ಣೆದೀಪದ ಕಾಡಿಗೆಗೆ ಗೋಂದು ಕಲೆಸಿ ಮಾಡಿದ್ದೂ ಹಾಗೇ. ನೀರಿಗೆ ಉಳಿಯುವುದು ಪೆನ್ನಿನಲ್ಲಿ ಹರಿಯಲಿಲ್ಲ, ಪೆನ್ನಿನಲ್ಲಿ ಹರಿಯುವುದು ನೀರಿಗೆ ಉಳಿಯಲಿಲ್ಲ.

"ಅಣ್ಣಾ, ನೀ ಇದನ್ನ ಮುಗಿಸೂದ್ರಾಗ ರುಕ್ಮವ್ವಗ ನೂರು ತುಂಬ್ತಾವ," ಎಂದು ಮಂದಾಕಿನಿ ನಗುವಳು. ಆ ಚಳಿಗಾಲದಲ್ಲಿ ಇಬ್ಬರೂ ಬೆರಳೆಲ್ಲ ಮಸಿ ಮಾಡಿಕೊಂಡು ಓಡಾಡಿದರು. ವೆಂಕಣ್ಣನಿಗೆ ನಲವತ್ತೈದು ದಾಟಿತ್ತು. ಇಷ್ಟು ಸಂತೋಷದ ದಿನಗಳನ್ನು ತಾನು ಹಿಂದೆಂದೂ ಕಂಡಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು.

ಕಡೆಗೆ ಅಳಲೆಕಾಯಿಗೆ ಬಂದ. ಅಳಲೆಕಾಯಿಯ ಕಷಾಯಕ್ಕೆ ಹಿರಾಕಸವೆಂಬ ಕಬ್ಬಿಣದ ಉಪ್ಪಿನ ಹಸಿರು ಹರಳು ಸೇರಿಸಿದರೆ ಕಪ್ಪು ಹುಟ್ಟುತ್ತದೆಂಬುದು ಹಳೆಯ ವಿದ್ಯೆ. ಬರೆಯುವಾಗ ತೆಳುವಾಗಿದ್ದು, ಎರಡು ದಿನ ಗಾಳಿಗಿಟ್ಟ ಮೇಲೆ ಕಾಗದದೊಳಗೇ ಕಪ್ಪಾಗುವ ಶಾಯಿ ಅದು. ತೊಂದರೆ ಒಂದೇ: ಬಾಟಲಿಯ ತಳದಲ್ಲಿ ಗಷ್ಟು ಕೂಡುತ್ತಿತ್ತು, ಅದು ಪೆನ್ನಿನ ಬಾಯಿ ಕಟ್ಟುತ್ತಿತ್ತು. ವೆಂಕಣ್ಣ ಅದಕ್ಕೆ ನಾಲ್ಕು ಹನಿ ಗಂಧಕದ ಆಸಿಡ್ ಹಾಕಿದ. ಗಷ್ಟು ಕರಗಿ ಶಾಯಿ ತಿಳಿಯಾಯಿತು. ಅದು ಹದಿನಾಲ್ಕನೆಯ ಬಾಟಲಿ.

ಆ ಶಾಯಿಯಲ್ಲಿ ಏಳೆಂಟು ಪಟ್ಟಿ ಬರೆದು ಒಂದು ತಾಸು ನೀರಿನಲ್ಲಿಟ್ಟರು, ಒಂದು ದಿನ ಇಟ್ಟರು, ಸಾಬೂನು ಹಚ್ಚಿ ತಿಕ್ಕಿದರು, ತಾರಾಬಾಯಿ ಒಲೆಯ ಮೇಲಿಟ್ಟು ಕುದಿಸಿಯೂ ನೋಡಿದಳು. ಎಲೆಯ ಒಂದು ಎಳೆಯೂ ಕದಲಲಿಲ್ಲ. ಮಂದಾಕಿನಿ ಒದ್ದೆ ಪಟ್ಟಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅಣ್ಣನ ಕಾಲಿಗೆ ನಮಸ್ಕಾರ ಮಾಡಿದಳು.

ಅವಳು ಮತ್ತೆ ಗರಗಕ್ಕೆ ಹೋಗತೊಡಗಿದಳು. ಮೂರು ತಿಂಗಳಿಗೆ ಪೆನ್ನು ಒರಟಾಯಿತೆಂದಾಗ ವೆಂಕಣ್ಣ ಅದನ್ನು ಪೇಟೆಯಲ್ಲಿ ಪೆನ್ನು ರಿಪೇರಿ ಮಾಡುವ ಇಮಾಮಹುಸೇನನ ಹತ್ತಿರ ಒಯ್ದ. ಇಮಾಮಹುಸೇನ ನಿಬ್ಬು ಕಿತ್ತು, ಕಣ್ಣಿಗೆ ಹಚ್ಚುವ ಭೂತಗನ್ನಡಿಯಲ್ಲಿ ನೋಡಿ, ವೆಂಕಣ್ಣನ ಕೈಗೇ ಕೊಟ್ಟ. ನಿಬ್ಬಿನ ತುದಿ ಹುಳ ತಿಂದ ಕಾಳಿನಂತಾಗಿತ್ತು.

"ಏನ್ ಶಾಯಿ ಹಾಕೀರಿ ರಾಯರ ಇದಕ್ಕ?"

ವೆಂಕಣ್ಣ ಹೆಮ್ಮೆಯಿಂದಲೇ ಹೇಳಿದ.

"ಶಾಯಿ ಗಟ್ಟಿ ಐತಿ, ಖರೇ," ಎಂದ ಇಮಾಮಹುಸೇನ. "ಆದ್ರ ಲೋಖಂಡದ ನಿಬ್ಬು ತಿನ್ನೂವಂಥಾದ್ದು ಕಾಗದಾನ ಬಿಡತೈತೇನ್ರಿ? ನಮ್ಮಜ್ಜ ಕಿತಾಬ್ ಬರಿಯಾಂವ. ಅಂವನೂ ಹಿರಾಕಸದ ಶಾಯೀನ ಮಾಡ್ತಿದ್ದ. ಆಸಿಡ್ ಮಾತ್ರ ಹಾಕ್ತಿದ್ದಿಲ್ಲ ನೋಡ್ರಿ."

ಆ ಮಾತು ವೆಂಕಣ್ಣನನ್ನು ಚುಚ್ಚಿತು. ಮುಂದಿನ ಬಾಟಲಿಗೆ ಎರಡೇ ಹನಿ ಹಾಕಿದ. ಆ ರವಿವಾರ ಗರಗದಲ್ಲಿ ರುಕ್ಮವ್ವ ಒಂದು ದೊಡ್ಡ ಪದದ ನಡುವೆ ಇದ್ದಾಗ ಮಂದಾಕಿನಿಯ ಪೆನ್ನು ಗಷ್ಟು ಕಟ್ಟಿ ನಿಂತುಹೋಯಿತು. ಒಮ್ಮೆ ಕಡಿದ ಪದವನ್ನು ಮುದುಕಿ ಅಂದು ಮತ್ತೆ ಎತ್ತಿಕೊಳ್ಳಲಿಲ್ಲ. ಬೇಸರಪಟ್ಟು ಮನೆಗೆ ಬಂದ ತಂಗಿಯ ಮುಖ ನೋಡಿ ವೆಂಕಣ್ಣ ಮತ್ತೆ ನಾಲ್ಕು ಹನಿಗೆ ಹೋದ. ಇಮಾಮಹುಸೇನ ಅಂದದ್ದನ್ನು ಅವಳಿಗೆ ಹೇಳಲಿಲ್ಲ. ನಿಬ್ಬು ಸವೆದಿತ್ತು, ಬೇರೆ ಹಾಕಿಸಿದೆ ಎಂದಷ್ಟೇ ಅಂದ.

೧೯೪೦ರ ಬೇಸಿಗೆಗೆ ಕೆಲಸ ಮುಗಿಯಿತು. ಆರು ನೋಟಬುಕ್ಕುಗಳಲ್ಲಿ ಆರುನೂರಾ ಹನ್ನೊಂದು ಪದಗಳು, ಎಂಬತ್ತಕ್ಕೂ ಮಿಕ್ಕಿ ಚಿತ್ರಗಳು. ಹುಬ್ಬಳ್ಳಿಯ ಒಬ್ಬ ಪ್ರಕಾಶಕರು ನೋಡಿ ಮೆಚ್ಚಿದರು. ಆದರೆ ಯುದ್ಧ ಶುರುವಾಗಿತ್ತು, ಕಾಗದದ ಅಭಾವ. ಸ್ವಲ್ಪ ತಡೆಯಿರಿ ಎಂದರು. ಮಂದಾಕಿನಿ ನೋಟಬುಕ್ಕುಗಳನ್ನು ಬೇವಿನೆಲೆ ಹಾಕಿ ತಗಡಿನ ಟ್ರಂಕಿನಲ್ಲಿಟ್ಟಳು. ಮರುವರ್ಷ ಅವಳಿಗೆ ಗದಗಕ್ಕೆ ವರ್ಗವಾಯಿತು. ಹೋಗುವಾಗ, "ಅಣ್ಣಾ, ಟ್ರಂಕು ನಿನ್ನ ಕಡೆ ಇರ್ಲಿ. ಅಲ್ಲಿ ಬಾಡಿಗಿ ಖೋಲಿ, ಸೋರ್ತದೋ ಏನೋ," ಎಂದಳು.

ಆ ವರ್ಷದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ವೆಂಕಣ್ಣ ಅಟ್ಟದಿಂದ ಟ್ರಂಕು ಇಳಿಸಿ, ಬೇವಿನೆಲೆ ಬದಲಿಸಲೆಂದು ತೆಗೆದ. ಮೇಲಿನ ನೋಟಬುಕ್ಕಿನ ಮೊದಲ ಹಾಳೆಯಲ್ಲಿ ರುಕ್ಮವ್ವನ ಮುಖವಿತ್ತು. ಗೆರೆಗಳ ಕಪ್ಪು ಹಾಗೇ ಇತ್ತು, ಆದರೆ ಪ್ರತಿ ಗೆರೆಯ ಸುತ್ತ ಕಾಗದ ಕಂದಿತ್ತು, ಇಸ್ತ್ರಿ ತಾಗಿ ಸುಟ್ಟ ಅರಿವೆಯಂತೆ. ಹಾಳೆ ತಿರುಗಿಸಿದ. ಹಿಂಬದಿಗೂ ಕಂದು ಬಣ್ಣದಲ್ಲಿ ಅದೇ ಮುಖ ಮೂಡಿತ್ತು.

ಅವನು ಹಿತ್ತಲ ಖೋಲಿಯಲ್ಲಿಟ್ಟಿದ್ದ ಹಳೆಯ ಪಟ್ಟಿಗಳಲ್ಲಿ ಹದಿನಾಲ್ಕನೆಯ ಶಾಯಿಯ ಎರಡನ್ನು ಹುಡುಕಿ ತಂದು, ಒಂದನ್ನು ನೀರಿಗೆ ಹಾಕಿದ. ಅಕ್ಷರ ಬಿಡಲಿಲ್ಲ. ಅವನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಆಮೇಲೆ ಒಣಗಿದ್ದ ಇನ್ನೊಂದನ್ನು ಎಲೆಯ ನಡುವಿನ ಗೆರೆಗೆ ಸರಿಯಾಗಿ ಮಡಿಚಿದ. ಪಟ್ಟಿ ಹಪ್ಪಳದಂತೆ ಮುರಿಯಿತು.

ತಾರಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇದನ್ನ ಮಂದಾಗ ಹೇಳ್ರಿ. ಇವತ್ತ ಕಾರ್ಡು ಬರೀರಿ."

"ಹೇಳ್ತೇನಿ. ಒಂದೀಟು ನೋಡೂಣು. ಇಷ್ಟಕ್ಕ ನಿಂತರೂ ನಿಂದರಬಹುದು."

"ರುಕ್ಮವ್ವ ಇನ್ನೂ ಗಟ್ಟಿ ಅದಾಳ. ಹೇಳಿದ್ರ ಮಂದಾ ಮತ್ತ ಹೋಗಿ ಬರಕೊಂಡಾಳು."

"ಹೇಳ್ತೇನಂದೆನಲ್ಲ!" ಎಂದು ಅವನು ಹೆಂಡತಿಯ ಮೇಲೆ ಎಂದೂ ಇಲ್ಲದಂತೆ ಸಿಡುಕಿದ. ತಾನೇ ತಿಳಿಸುವುದಾಗಿ ಆಣೆ ಮಾಡಿ ಅವಳ ಬಾಯಿ ಕಟ್ಟಿದ.

ಹೇಳಲಿಲ್ಲ. ಎರಡು ಸಲ ಕಾರ್ಡು ತೆಗೆದು ಕೂತ. 'ಚಿ. ಸೌ. ಮಂದಾಗೆ' ಎಂದು ಬರೆದು, ವಿಧವೆಗೆ ಹಾಗೆ ಬರೆಯುವುದಿಲ್ಲವೆಂದು ನೆನಪಾಗಿ ಹರಿದುಹಾಕಿದ. ಇನ್ನೊಂದು ಸಲ ಕ್ಷೇಮ ಸಮಾಚಾರ ಬರೆದು ಅಲ್ಲಿಗೇ ನಿಂತ. ನಡುವೆ ಮಂದಾಕಿನಿಯ ಕಾಗದ ಬಂತು. ಗರಗದ ಖಾದಿ ಮಾರುವವರೊಬ್ಬರು ಭೇಟಿಯಾಗಿದ್ದರಂತೆ. ರುಕ್ಮವ್ವನಿಗೆ ಈಗೀಗ ದಮ್ಮು, ಆದರೂ ಹಾಡುವುದು ಬಿಟ್ಟಿಲ್ಲವಂತೆ. 'ನಮ್ಮ ಕೈಯಲ್ಲಿ ಎಲ್ಲವೂ ಬರೆದಾಗಿದೆಯಲ್ಲ, ಅಣ್ಣಾ, ಅದೊಂದು ದೊಡ್ಡ ಸಮಾಧಾನ. ಅದು ನಿನ್ನಿಂದ,' ಎಂದು ಅವಳು ಬರೆದಿದ್ದಳು. ಆ ಸಾಲು ಓದಿದ ಮೇಲೆ ವೆಂಕಣ್ಣನಿಗೆ ಹೇಳುವ ಧೈರ್ಯ ಪೂರಾ ಹೋಯಿತು. ಚೈತ್ರದಲ್ಲಿ ರುಕ್ಮವ್ವ ತೀರಿಕೊಂಡ ಸುದ್ದಿ ಬಂತು. ಅಂದು ಅವನು ಕಾಲೇಜಿಗೆ ಹೋಗಲಿಲ್ಲ. ಇನ್ನು ಹೇಳಿಯಾದರೂ ಏನು ಎಂಬುದು ಆಮೇಲಿನ ಎರಡು ವರ್ಷ ಅವನ ಸಮಜಾಯಿಷಿಯಾಯಿತು. ಅಟ್ಟದ ಮೇಲಿನ ಟ್ರಂಕನ್ನು ಅವನು ಮತ್ತೆ ಮುಟ್ಟಲಿಲ್ಲ. ಮಂದಾಕಿನಿ ಸೂಟಿಗೆ ಬಂದಾಗಲೆಲ್ಲ ಮಾತು ಬೇರೆ ಕಡೆ ತಿರುಗಿಸಿದ.

೧೯೪೪ರ ಶ್ರಾವಣದಲ್ಲಿ ಪ್ರಕಾಶಕರು ಕಾಗದ ಹೊಂದಿಸಿಕೊಂಡು, ಹಸ್ತಪ್ರತಿ ಕಳಿಸಿರೆಂದು ಬರೆದರು. ಮಂದಾಕಿನಿ ಅದೇ ವಾರ ಗದಗಿನಿಂದ ಬಂದಳು. ಬಂದವಳು ಕಾಲು ತೊಳೆಯುವ ಮೊದಲೇ ಟ್ರಂಕು ಇಳಿಸಿಕೊಡೆಂದಳು. ವೆಂಕಣ್ಣ ಇಳಿಸಿಕೊಟ್ಟು ಗೋಡೆಗೆ ಆತು ನಿಂತ.

ಅವಳು ಮೊದಲ ನೋಟಬುಕ್ಕು ಎತ್ತಿದಳು. ರಟ್ಟು ಕೈಗೆ ಬಂತು, ಒಳಗಿನದು ಟ್ರಂಕಿನಲ್ಲೇ ಉಳಿಯಿತು. ನಾಲ್ಕು ಮಳೆಗಾಲದ ಥಂಡಿಗೆ ಹಾಳೆ ಹಾಳೆಗೆ ಅಂಟಿತ್ತು. ಬಿಡಿಸಹೋದರೆ ಅಕ್ಷರಗಳಿದ್ದಷ್ಟು ಭಾಗ ಪುಡಿಯಾಗಿ ಉದುರಿ, ಬರೆಯದೆ ಬಿಟ್ಟ ಅಂಚುಗಳು ಮಾತ್ರ ಬೆರಳಲ್ಲಿ ಉಳಿಯುತ್ತಿದ್ದವು. ಚಿತ್ರಗಳ ಹಾಳೆಗಳು ಇನ್ನೂ ಕೆಟ್ಟಿದ್ದವು. ಕೌದಿಯ ಚೌಕಗಳು ಗೆರೆಗೆ ಸರಿಯಾಗಿ ಕತ್ತರಿಸಿ ಬಿದ್ದಿದ್ದವು. ರುಕ್ಮವ್ವನ ಮುಖದಲ್ಲಿ ಕಣ್ಣು ಬಾಯಿಗಳ ಜಾಗದಲ್ಲಿ ತೂತುಗಳಿದ್ದವು.

ಮಂದಾಕಿನಿ ಒಂದಾದ ಮೇಲೊಂದು ಆರೂ ನೋಟಬುಕ್ಕು ನೋಡಿದಳು. ಅಳಲಿಲ್ಲ. ಮಡಿಲ ತುಂಬ ಕಂದು ಪುಡಿ ಬಿದ್ದಿತ್ತು.

"ನೀರು ಹೊಕ್ಕಿತ್ತೇನು ಅಣ್ಣಾ?" ಎಂದು ಕೇಳಿದಳು.

ಹೌದೆಂದುಬಿಡಬಹುದಿತ್ತು. ಮಾಳಿಗೆ ಸೋರಿತ್ತು ಎಂದರೆ ಅವಳು ನಂಬುತ್ತಿದ್ದಳು. ವೆಂಕಣ್ಣ ಹೆಂಡತಿಯ ಮುಖ ನೋಡಿದ. ತಾರಾಬಾಯಿ ತಲೆ ತಗ್ಗಿಸಿದ್ದಳು.

"ಇಲ್ಲ," ಎಂದ. "ಶಾಯಿ ತಿಂತು. ಆಸಿಡ್ ಹೆಚ್ಚಾಗಿತ್ತು. ಇಮಾಮಹುಸೇನ ನನಗ ಆವಾಗ ಹೇಳಿದ್ದ, ನಾ ಕೇಳಲಿಲ್ಲ. ನಿನಗೂ ಹೇಳಲಿಲ್ಲ." ಉಸಿರು ತಗೊಂಡು ಉಳಿದದ್ದನ್ನೂ ಹೇಳಿದ. "ಹಾಳಿ ಕೆಡ್ಲಿಕತ್ತಿದ್ದನ್ನ ನಾ ನೋಡಿದ್ದೆ, ಮಂದಾ."

"ಯಾವಾಗ?"

"ನಾಲ್ವತ್ತೊಂದರ ದೀಪಾವಳ್ಯಾಗ."

ಅವಳು ಬೆರಳಿನ ಗೆಣ್ಣು ಮುಟ್ಟಿ ತಿಂಗಳು ಎಣಿಸಿದಳು. "ರುಕ್ಮವ್ವ ಹೋದದ್ದು ಚೈತ್ರದಾಗ."

"ಹೂಂ."

"ನಡುವ ಐದು ತಿಂಗಳಿತ್ತು."

ವೆಂಕಣ್ಣ ಗೋಡೆ ಬಿಟ್ಟು ಬಂದು ಟ್ರಂಕಿನ ಬಳಿ ಕೂತ. ಐವತ್ತು ದಾಟಿದ ಗಂಡಸು ತಂಗಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಬಯ್ದಿದ್ದರೆ, ಟ್ರಂಕು ಎತ್ತಿ ಒಗೆದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಮಡಿಲನ್ನು ಜೋಪಾನವಾಗಿ ಹಿಡಿದುಕೊಂಡು ಎದ್ದು, ಅತ್ತಿಗೆಯಿಂದ ಒಂದು ಮೊರ ಕೇಳಿ ಇಸಿದುಕೊಂಡು, ಪುಡಿಯನ್ನು ಅದರಲ್ಲಿ ಸುರಿದಳು.

ಮರುದಿನದಿಂದ ಮೂವರೂ ಕೂತು ಉಳಿಸಿಕೊಳ್ಳಲು ನೋಡಿದರು. ತೆಳು ಮಲಮಲ್ ಅರಿವೆಗೆ ಅಕ್ಕಿಗಂಜಿ ಸವರಿ, ಚಾಕುವಿನ ತುದಿಯಿಂದ ಹಾಳೆ ಎಬ್ಬಿಸಿ ಅದರ ಮೇಲೆ ಇಳಿಸುವುದು. ಎಂಟು ದಿನಕ್ಕೆ ಇಪ್ಪತ್ತಮೂರು ಪದ ಪೂರ್ತಿ ಸಿಕ್ಕವು. ಮತ್ತೆ ಕೆಲವು ಅರ್ಧರ್ಧ. ಒಂದರಲ್ಲಿ ಹೀಗೆ ಉಳಿದಿತ್ತು:

ಹೆತ್ತವ್ವ ನೀನು ಬರಲಿಲ್ಲ, ನನ ಹೊಲದ
ಬತ್ತೀದ ಬಾವಿ ಒಲಿದಿಲ್ಲ

ಮೂರು ಸಾಲಿನ ಈ ತ್ರಿಪದಿಯ ಮೊದಲ ಸಾಲು ಏನಿತ್ತೆಂದು ಮಂದಾಕಿನಿ ಇಡೀ ಒಂದು ಮಧ್ಯಾಹ್ನ ನೆನೆದಳು. ತಾನೇ ಎರಡು ಸಲ ಕೇಳಿ, ಎರಡು ಸಲ ಬರೆದ ಸಾಲು. ನೆನಪಾಗಲಿಲ್ಲ. "ಬರದಿಟ್ಟೇನಲ್ಲ ಅಂತ ಮರತುಬಿಟ್ಟೆ, ವೈನಿ," ಎಂದು ಅತ್ತಿಗೆಗೆ ಹೇಳಿದಳು. ಆಗ ಮಾತ್ರ ಅವಳ ದನಿ ಒಡೆಯಿತು.

ರುಕ್ಮವ್ವನ ಜೊತೆ ಹಾಡುತ್ತಿದ್ದವರಲ್ಲಿ ಇನ್ನೂ ಬದುಕಿದ್ದವಳು ಹೆಬ್ಬಳ್ಳಿಗೆ ಕೊಟ್ಟ ಅವಳ ತಂಗಿ ಉಡಚವ್ವ ಒಬ್ಬಳೇ. ಮಂದಾಕಿನಿ ಅಲ್ಲಿಗೆ ಹೊರಟಾಗ, "ನಾನೂ ಬರ್ಲಿ?" ಎಂದು ವೆಂಕಣ್ಣ ಕೇಳಿದ. ಅವಳು ಬೇಡವೆನ್ನಲಿಲ್ಲ. ಎರೆಮಣ್ಣು ಕಾಲಿಗೆ ಹತ್ತುತ್ತಿದ್ದ ದಾರಿಯಲ್ಲಿ ಅವನು ನಾಲ್ಕು ಹೆಜ್ಜೆ ಹಿಂದೆ ನಡೆದ.

ಉಡಚವ್ವನಿಗೆ ಕಿವಿ ಮಂದವಾಗಿತ್ತು. ಗುರುತು ಹಿಡಿದು ಮಂದಾಕಿನಿಯ ಕೈ ಸವರಿದಳು. ಬಂದ ಕಾರಣವನ್ನು ಸೊಸೆ ದೇವಕ್ಕ ಅವಳ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು.

"ನಾ ಯಾವಾಗ ಹಾಡಿದೆನ್ರಿ ಅಕ್ಕಾರ?" ಎಂದಳು ಮುದುಕಿ. "ಅಕ್ಕ ಎತ್ತಿಕೊಡತಿದ್ಲು, ನಾ ಹಿಂದ ಹಿಡೀತಿದ್ದೆ. ಆಕಿ ಎತ್ತಿಕೊಡದ ನನಗ ಎಲ್ಲಿಂದ ಬರಬೇಕು?"

ಆದರೂ ಪ್ರಯತ್ನ ಮಾಡಿದಳು. ಕಣ್ಣು ಮುಚ್ಚಿ, ಕಲ್ಲಿನ ಗೂಟ ಹಿಡಿದವಳಂತೆ ಬಲಗೈ ಮುಷ್ಟಿ ಮಾಡಿ ತಿರುಗಿಸಿದಳು. ಅರ್ಧ ಸಾಲು ಬಂತು. ಅದರ ಹಿಂದೆ ದನಿ ಮಾತ್ರ ಬಂತು, ಮಾತು ಬರಲಿಲ್ಲ.

"ಬೀಸೂ ಕಲ್ಲರ ತಂದಿಡಲೇನ್ರಿ ಮುಂದ?" ಎಂದಳು ದೇವಕ್ಕ. "ಊರಿಗೆ ಹಿಟ್ಟಿನ ಗಿರಣಿ ಬಂದಾಗಿಂದ ಹಿತ್ತಲದಾಗ ಒಗದೇವಿ." ಗಂಡನನ್ನು ಕರೆದು ಕಲ್ಲು ಹೊರಿಸಿ ತಂದಳು. ಒಂದು ಹಿಡಿ ಜೋಳ ಹಾಕಿದರು. ಮಂದಾಕಿನಿ ಎದುರು ಕೂತು ಗೂಟಕ್ಕೆ ಕೈ ಹಚ್ಚಿದಳು. ಉಡಚವ್ವ ನಾಲ್ಕು ಸುತ್ತು ತಿರುಗಿಸಿ, ದಮ್ಮು ಹತ್ತಿ, ಕೈಬಿಟ್ಟಳು.

"ಆಗಂಗಿಲ್ಲ ಬಿಡ್ರಿ," ಎಂದಳು. "ನೀವು ಬರಕೊಂಡು ಹೋಗೀರಿ ಅಂತ ಅಕ್ಕ ಭಾಳ ನೆಮ್ಮದೀಲೆ ಸತ್ಲು. ನಿಮ್ಮ ಪುಣ್ಯಾ."

ಮಂದಾಕಿನಿ ತಲೆಯಾಡಿಸಿದಳು. ಪುಸ್ತಕ ಹಾಳಾಯಿತೆಂಬುದು ಮುದುಕಿಯ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಮತ್ತೊಮ್ಮೆ ಕೂಗಿ ಹೇಳುವುದು ಬೇಡವೆಂದು ದೇವಕ್ಕನಿಗೆ ಕೈಸನ್ನೆ ಮಾಡಿದಳು.

ತಿರುಗಿ ಬರುವಾಗ ಊರ ಹೊರಗಿನ ಬನ್ನಿ ಗಿಡದ ಹತ್ತಿರ ವೆಂಕಣ್ಣ ಕರೆದ. "ಮಂದಾ, ನನಗ ಏನರೆ ಅನ್ನು. ಬಾಯಿಗೆ ಬಂದದ್ದು ಅನ್ನು."

ಅವಳು ನಿಂತಳು, ತಿರುಗಲಿಲ್ಲ. "ಶಾಯಿ ಕೆಟ್ಟದ್ದಕ್ಕ ನನಗ ಏನೂ ಇಲ್ಲ ಅಣ್ಣಾ. ಅದು ನನ್ನ ಸಲುವಾಗಿ ಮಾಡಿದಿ. ನಾನೂ ಕೂಡೆ ಕೂತು ನೀರಿಗಷ್ಟ ಹಾಕಿ ನೋಡಿದೆ, ಬ್ಯಾರೆ ನೋಡಲಿಲ್ಲ." ಕಾಲಿನ ಎರೆಮಣ್ಣನ್ನು ಕಲ್ಲಿಗೆ ತಿಕ್ಕುತ್ತ ಅಂದಳು. "ಆ ಐದು ತಿಂಗಳಿನ ಸಲುವಾಗಿ ಏನನಬೇಕೋ ನನಗ ತಿಳೀವಲ್ದು. ಸಿಟ್ಟು ಬಂದಿದ್ರ ಛಲೋ ಇತ್ತು. ಅದೂ ಬರವಲ್ದು."

ಇಪ್ಪತ್ತಮೂರು ಪದಗಳನ್ನು ಅವಳು ಹುಬ್ಬಳ್ಳಿಗೆ ಕಳಿಸಿದಳು. ಇಷ್ಟರಿಂದ ಪುಸ್ತಕವಾಗುವುದಿಲ್ಲವೆಂದು ಪ್ರಕಾಶಕರು ಸೌಜನ್ಯದಿಂದಲೇ ಹಿಂದಕ್ಕೆ ಕಳಿಸಿದರು. ಆಮೇಲೆ ಅವಳು ಯಾವ ಹಳ್ಳಿಗೂ ಹೋಗಲಿಲ್ಲ, ಚಿತ್ರವನ್ನೂ ತೆಗೆಯಲಿಲ್ಲ. ಗದಗಿನಲ್ಲೇ ಖಾಯಂ ಮಾಡಿಸಿಕೊಂಡಳು. ಆ ವರ್ಷ ದೀಪಾವಳಿಗೆ ಬರಲಿಲ್ಲ, ಮರುವರ್ಷ ಯುಗಾದಿಗೂ ಬರಲಿಲ್ಲ. ಶಾಲೆಯ ಕೆಲಸ, ಪರೀಕ್ಷೆಯ ಪೇಪರು ಎಂದು ಕಾರಣ ಬರೆಯುತ್ತಿದ್ದಳು. ಅವು ಸುಳ್ಳಾಗಿರಲಿಲ್ಲ.

ಕಾರ್ಡುಗಳು ತಿಂಗಳಿಗೊಂದು ತಪ್ಪದೆ ಬರುತ್ತಿದ್ದವು, ಈಗ ತಾರಾಬಾಯಿಯ ಹೆಸರಿಗೆ. ಅಂಚೆಯವನು ಕೊಟ್ಟ ಕಾರ್ಡನ್ನು ವೆಂಕಣ್ಣ ತಾನು ಓದದೆ ಅಡಿಗೆಮನೆಗೆ ಒಯ್ದು ಕೊಡುವನು. ಹೆಂಡತಿ ಕೈ ಒರೆಸಿಕೊಂಡು ಓದಿ ಮುಗಿಸುವವರೆಗೆ ಹೊಸ್ತಿಲ ಬಳಿ ನಿಲ್ಲುವನು.

"ಏನಂತ?" ಎಂದು ಕೇಳುವನು.

"ಆರಾಮ ಅದಾಳಂತ," ಎಂದು ತಾರಾಬಾಯಿ ಹೇಳುವಳು.